ಎರಡು ಯಂತ್ರಗಳ ನಡುವೆ ನಮ್ಮ ಹುಡುಗರು

"ಮಾವ, ಇವೆರಡರಲ್ಲಿ ಯಾವುದು ಒಳ್ಳೆಯದು?"

ಇಚಲಕರಂಜಿಯ ಒಂದು ಚಹಾದಂಗಡಿಯ ಬೆಂಚಿನಲ್ಲಿ ಕುಳಿತು ನಮ್ಮ ಕುಂಬಳೆ ಕಡೆಯ ಹುಡುಗನೊಬ್ಬ ನಮ್ಮನ್ನು ಹೀಗೆ ಕೇಳಿದ. ಅವನ ಒಂದು ಕೈಯಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ, ಸಣ್ಣ ಪರದೆಯೂ ಎರಡು ಗುಂಡಿಗಳೂ ಇದ್ದ ಒಂದು ಪೆಟ್ಟಿಗೆ. ಇನ್ನೊಂದು ಕೈಯಲ್ಲಿ ಥಳಥಳಿಸುವ ಹಿತ್ತಾಳೆಯ ಒಂದು ಕೊಳವೆ. ಮೊದಲನೆಯದು ಅವನದು, ಎರಡನೆಯದು ಅವನ ಕೋಣೆಯ ಗೆಳೆಯನದು. ಎರಡೂ ವೇಪ್, ಅಂದರೆ ವಿದ್ಯುತ್ ಸಿಗರೇಟು. ವಯರಿಂಗ್ ಕೆಲಸದಲ್ಲಿ ಕೂದಲು ಹಣ್ಣಾದವರು ನಾವು, ನಮಗೆ ಗೊತ್ತಿರಬಹುದೆಂದು ಅವನು ಕೇಳಿದನೇ ಹೊರತು ನಮ್ಮನ್ನು ಕೆಣಕಲು ಕೇಳಿದ್ದಲ್ಲ. ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ಹೊಸ ಮಿಕ್ಸಿ ಕೊಳ್ಳುವಾಗ ಯಾವ ಕಂಪೆನಿಯದು ಬಾಳಿಕೆ ಬರುತ್ತದೆಂದು ಕೇಳುವವರ ಮುಖವೇ ಅವನದೂ ಆಗಿತ್ತು.

ನಾವು ಆ ಕಡೆ ಹೋದದ್ದು ಕೊಲ್ಲಾಪುರದ ಮಹಾಲಕ್ಷ್ಮಿಯ ದರ್ಶನಕ್ಕೆಂದು. ಅಲ್ಲಿಂದ ಗಡಹಿಂಗ್ಲಜದಲ್ಲಿರುವ ಸಂಬಂಧಿಕರ ಮನೆಗೆ ಹೋಗುವ ಮೊದಲು, ಇಚಲಕರಂಜಿಯಲ್ಲಿ ಓದುತ್ತಿರುವ ಈ ಹುಡುಗನಿಗೆ ಅವನ ತಾಯಿ ಕೊಟ್ಟ ಹಪ್ಪಳ, ಉಪ್ಪಿನಕಾಯಿ ತಲಪಿಸುವ ಕೆಲಸವಿತ್ತು. ಹಪ್ಪಳದ ಕಟ್ಟು ಕೊಟ್ಟ ಕೈಗೆ ಅವನು ಈ ಎರಡು ಯಂತ್ರಗಳನ್ನು ಕೊಟ್ಟ. ಆಗ ನಮಗೆ ಸಿಟ್ಟು ಬಂದದ್ದು ನಿಜ. ಆದರೆ ಬೈದು ಎದ್ದು ಬರುವುದಕ್ಕಿಂತ ಉತ್ತರ ಕೊಡುವುದೇ ಸರಿ ಎಂದು ಕಂಡಿತು. ಅಂದು ಅವನಿಗೆ ಹೇಳಿದ್ದನ್ನೇ ಇಂದು ನಮ್ಮ ಓದುಗರ ಮುಂದೆ ಸ್ವಲ್ಪ ವಿಸ್ತಾರವಾಗಿ ಇಡುತ್ತಿದ್ದೇವೆ.

ಇಡುವುದಕ್ಕೆ ಕಾರಣವಿದೆ. ನಮ್ಮ ಮನೆಗಳ ಸ್ಥಿತಿಯನ್ನು ನೋಡಿ. ತಾಯಿ ಕನ್ನಡ ಓದುತ್ತಾಳೆ. ಕಚೇರಿಯ ನೋಟೀಸು, ಆಸ್ಪತ್ರೆಯ ಚೀಟಿ ಹೆಚ್ಚಾಗಿ ಮಲಯಾಳದಲ್ಲಿ ಬರುತ್ತವೆ. ಮಗ ತನ್ನ ಫೋನಿನಲ್ಲಿ ಇಂಗ್ಲಿಷು ಓದುತ್ತಾನೆ. ಒಂದೇ ಸೂರಿನಡಿಯಲ್ಲಿ ಮೂರು ಲಿಪಿ. ಈ ಯಂತ್ರಗಳ ಗುಣಗಾನವೆಲ್ಲ ಇಂಗ್ಲಿಷಿನಲ್ಲಿದೆ, ಎಚ್ಚರಿಕೆ ಬಂದರೆ ಮಲಯಾಳದಲ್ಲಿ ಬರುತ್ತದೆ, ಕನ್ನಡ ಮಾತ್ರ ಬಲ್ಲ ತಾಯಿಗೆ ಎರಡೂ ಮುಟ್ಟುವುದಿಲ್ಲ. ಮಗನ ಚೀಲದಲ್ಲಿ ಇದು ಕಂಡರೆ ಪೆನ್ನೋ, ಫೋನಿನ ಚಾರ್ಜರೋ ಎಂದುಕೊಂಡು ಮತ್ತೆ ಒಳಗಿಟ್ಟಾಳು. ತಿಳಿಯದ ವಸ್ತುವನ್ನು ಬೇಡ ಎಂದು ಹೇಳುವುದು ಹೇಗೆ? ಹೇಳಿದರೂ ಮಗ ಕೇಳುವುದು ಹೇಗೆ?

ಮೊದಲು ವಸ್ತು ಏನೆಂದು ತಿಳಿಯೋಣ. ಇಂದಿನ ರೂಪದ ವಿದ್ಯುತ್ ಸಿಗರೇಟನ್ನು 2003ರ ಸುಮಾರಿಗೆ ರೂಪಿಸಿದವನು ಹೋನ್ ಲಿಕ್ ಎಂಬ ಚೀನಾದ ಔಷಧ ತಜ್ಞ. ಅವನ ತಂದೆ ಸಿಗರೇಟು ಸೇದಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡವನು. ಹೊಗೆಯಿಲ್ಲದೆ ನಿಕೋಟಿನ್ ಸಿಗುವಂತಾದರೆ ಜನ ಸಿಗರೇಟು ಬಿಟ್ಟಾರು ಎಂಬುದು ಅವನ ಎಣಿಕೆ. ಯಂತ್ರದೊಳಗೆ ಇರುವುದು ಇಷ್ಟು: ಒಂದು ಬ್ಯಾಟರಿ ಸೆಲ್ಲು, ನೀರು ಕಾಯಿಸುವ ಹೀಟರಿನಲ್ಲಿರುವಂಥದೇ ಒಂದು ಪುಟ್ಟ ತಂತಿಸುರುಳಿ, ಅದರ ನಡುವೆ ಹತ್ತಿಯ ಬತ್ತಿ, ಬತ್ತಿ ಹೀರುವ ದ್ರವ. ದ್ರವದಲ್ಲಿ ಗ್ಲಿಸರಿನ್, ಪ್ರೊಪೈಲೀನ್ ಗ್ಲೈಕಾಲ್, ಹಣ್ಣಿನದೋ ಪುದೀನದ್ದೋ ಪರಿಮಳ, ಜೊತೆಗೆ ನಿಕೋಟಿನ್. ಗುಂಡಿ ಒತ್ತಿದರೆ ಸುರುಳಿ ಕಾಯುತ್ತದೆ, ದ್ರವ ಆವಿಯಾಗುತ್ತದೆ, ಆವಿಯನ್ನು ಎಳೆದುಕೊಳ್ಳುತ್ತಾರೆ. ನಮ್ಮ ಅಜ್ಜಿಯಂದಿರ ಕಾಲದ ಚಿಮಿಣಿ ದೀಪಕ್ಕೂ ಇದಕ್ಕೂ ತತ್ವದಲ್ಲಿ ದೂರವಿಲ್ಲ. ಅಲ್ಲಿ ಬತ್ತಿ ಉರಿಯುತ್ತದೆ, ಇಲ್ಲಿ ಬತ್ತಿ ಬೇಯುತ್ತದೆ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಹಿತ್ತಾಳೆಯ ಕೊಳವೆಯನ್ನು ಅವರು 'ಮೆಕ್ಯಾನಿಕಲ್ ಮಾಡ್' ಎನ್ನುತ್ತಾರೆ. ಅದು ಹಳೆಯ ಟಾರ್ಚು ಇದ್ದ ಹಾಗೆ. ಒಳಗೆ ಸೆಲ್ಲು, ಅಡಿಯಲ್ಲಿ ಒತ್ತುವ ಗುಂಡಿ, ಮೇಲೆ ಬಲ್ಬಿನ ಜಾಗದಲ್ಲಿ ತಂತಿಸುರುಳಿ. ಒತ್ತಿದರೆ ಸೆಲ್ಲಿನ ಶಕ್ತಿ ನೇರವಾಗಿ ಸುರುಳಿಗೆ ಹರಿಯುತ್ತದೆ. ನಡುವೆ ಕಾವಲುಗಾರನಿಲ್ಲ. ಕೆಡುವಂಥ ಭಾಗವೇ ಇಲ್ಲ, ಜೀವಮಾನವಿಡೀ ಬಾಳುತ್ತದೆ ಎಂದು ಅದರ ಅಭಿಮಾನಿಗಳು ಹೊಗಳುತ್ತಾರೆ. ಅದು ಸುಳ್ಳಲ್ಲ. ಕೊಲ್ಲಾಪುರದಲ್ಲಿ ಎರಕದ ಕಾರ್ಖಾನೆಗಳೂ ಲೇತ್ ಯಂತ್ರಗಳ ಅಂಗಡಿಗಳೂ ಸಾಲುಗಟ್ಟಿವೆ. ಅಲ್ಲಿ ಲೇತಿನ ಮುಂದೆ ನಿಂತು ಪಳಗಿದ ಯಾವ ಕೆಲಸಗಾರನಿಗೂ ಆ ಕೊಳವೆಯಲ್ಲಿ ಅರ್ಥವಾಗದ್ದು ಏನೂ ಇಲ್ಲ.

ಆದರೆ ಲೆಕ್ಕವನ್ನೂ ನೋಡಬೇಕು. ಇವುಗಳಲ್ಲಿ ಹೆಚ್ಚಾಗಿ ಬಳಸುವುದು 18650 ಎಂಬ ಲಿಥಿಯಂ ಸೆಲ್ಲು. 18 ಮಿಲಿಮೀಟರು ದಪ್ಪ, 65 ಮಿಲಿಮೀಟರು ಉದ್ದ. ತುಂಬ ಚಾರ್ಜಾದಾಗ ಅದರ ಒತ್ತಡ 4.2 ವೋಲ್ಟು. ಸುರುಳಿಯ ತಡೆ ಅರ್ಧ ಓಮ್ ಆದರೆ ಹರಿಯುವ ಪ್ರವಾಹ 8.4 ಆಂಪಿಯರು, ಹುಟ್ಟುವ ಶಾಖ ಸುಮಾರು 35 ವಾಟು. ರೇಡಿಯೋ ರಿಪೇರಿಯವನು ಬೆಸುಗೆ ಹಾಕುವ ಐರನ್ ಸಾಮಾನ್ಯವಾಗಿ 25 ವಾಟಿನದು ಎಂಬುದನ್ನು ನೆನಪಿಡಿ. ಹೆಚ್ಚು ಆವಿ ಬರಲೆಂದು ಹುಡುಗರು ಕಡಿಮೆ ತಡೆಯ ಸುರುಳಿ ಹಾಕುತ್ತಾರೆ. ತಡೆ 0.1 ಓಮಿಗೆ ಇಳಿದರೆ ಪ್ರವಾಹ 42 ಆಂಪಿಯರು. ಈ ಜಾತಿಯ ಒಳ್ಳೆಯ ಸೆಲ್ಲುಗಳೂ ನಿರಂತರವಾಗಿ ತಾಳುವುದು 20, 30 ಆಂಪಿಯರು ಮಾತ್ರ, ಸಾಧಾರಣ ಸೆಲ್ಲಿಗೆ ಅಷ್ಟೂ ಇಲ್ಲ. ಅದಕ್ಕಿಂತ ಹೆಚ್ಚು ಎಳೆದರೆ ಸೆಲ್ಲು ಒಳಗೊಳಗೇ ಕಾಯುತ್ತದೆ, ಕಾದು ಅನಿಲ ಉಬ್ಬುತ್ತದೆ, ಕೊಳವೆಯಲ್ಲಿ ಅನಿಲಕ್ಕೆ ದಾರಿಯಿಲ್ಲದಿದ್ದರೆ ಅದು ಗರ್ನಾಲಿನಂತೆ ಸಿಡಿಯುತ್ತದೆ. ಆ ಗರ್ನಾಲನ್ನು ಸೇದುವವನು ತುಟಿಗೇ ಇಟ್ಟುಕೊಂಡಿರುತ್ತಾನೆ.

ನಾವು ಕುಳಿತದ್ದು ಇಚಲಕರಂಜಿ. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದ ಊರು. ಓಣಿ ಓಣಿಯಲ್ಲೂ ಮಗ್ಗದ ಖಟಖಟ ಸದ್ದು. "ಈ ಊರಿನಲ್ಲಿ ಫ್ಯೂಸ್ ಇಲ್ಲದೆ ಮೋಟಾರು ಓಡಿಸುವ ಮಗ್ಗದ ಮಾಲೀಕನನ್ನು ನೀನು ಮೆಚ್ಚುತ್ತೀಯಾ?" ಎಂದು ಹುಡುಗನನ್ನು ಕೇಳಿದೆವು. "ಇಲ್ಲ ಮಾವ, ಅವನಿಗೆ ಹುಚ್ಚು" ಎಂದ. "ನಿನ್ನ ಗೆಳೆಯ ಬಾಯಿಗಿಟ್ಟುಕೊಳ್ಳುವುದು ಫ್ಯೂಸ್ ಇಲ್ಲದ ಮೋಟಾರನ್ನೇ" ಎಂದೆವು. ಅವನು ಕೊಳವೆಯನ್ನು ಮೆಲ್ಲನೆ ಬೆಂಚಿನ ಮೇಲಿಟ್ಟ.

ಇದು ಹೆದರಿಸುವ ಮಾತಲ್ಲ. ಅಮೆರಿಕದ ಅಗ್ನಿಶಾಮಕ ಆಡಳಿತ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ 2009ರಿಂದ 2016ರ ವರೆಗೆ ವಿದ್ಯುತ್ ಸಿಗರೇಟು ಸಿಡಿದ ಇಲ್ಲವೆ ಹೊತ್ತಿಕೊಂಡ 195 ಪ್ರಕರಣಗಳನ್ನು ಲೆಕ್ಕಹಾಕಲಾಗಿದೆ. ಅವುಗಳಲ್ಲಿ 133ರಲ್ಲಿ ಜನರಿಗೆ ಗಾಯವಾಗಿತ್ತು. ಅನೇಕವು ಬಾಯಲ್ಲಿ ಇದ್ದಾಗಲ್ಲ, ಕಿಸೆಯಲ್ಲಿದ್ದಾಗ ಸಿಡಿದವು. 2018ರಲ್ಲಿ ಫ್ಲೋರಿಡಾದಲ್ಲಿ 38 ವರ್ಷದ ಒಬ್ಬಾತ ಇಂಥ ಕಾವಲಿಲ್ಲದ ಮೆಕ್ಯಾನಿಕಲ್ ಯಂತ್ರ ಸಿಡಿದೇ ಸತ್ತ. ಮರುವರ್ಷ ಟೆಕ್ಸಾಸಿನಲ್ಲಿ 24 ವರ್ಷದ ತರುಣನೊಬ್ಬ, ಸಿಡಿದ ಚೂರು ಕತ್ತಿನ ರಕ್ತನಾಳವನ್ನು ಕತ್ತರಿಸಿ ಪ್ರಾಣ ಬಿಟ್ಟ. ಲಕ್ಷಗಟ್ಟಲೆ ಜನ ಬಳಸುವ ವಸ್ತುವಿನಲ್ಲಿ ಇವು ವಿರಳ ಘಟನೆಗಳು, ಒಪ್ಪುತ್ತೇವೆ. ವಿರಳವಾದುದು ತನ್ನ ಮನೆಯಲ್ಲೇ ಘಟಿಸಿದಾಗ ಆ ತಾಯಿಗೆ ಅದು ವಿರಳವಲ್ಲ.

ಇನ್ನು ಪರದೆಯಿದ್ದ ಪೆಟ್ಟಿಗೆ. ಇದನ್ನು 'ವೇರಿಯೇಬಲ್ ವೋಲ್ಟೇಜ್' ಎನ್ನುತ್ತಾರೆ, ಅಂದರೆ ವೋಲ್ಟೇಜನ್ನು ಬೇಕಾದಂತೆ ಏರಿಸಿ ಇಳಿಸಬಹುದಾದದ್ದು. ಸೆಲ್ಲಿಗೂ ಸುರುಳಿಗೂ ನಡುವೆ ಇದರಲ್ಲಿ ಒಂದು ಇಲೆಕ್ಟ್ರಾನಿಕ್ ಸರ್ಕೀಟು ಇದೆ. ನಮ್ಮ ಮನೆಯ ಫ್ಯಾನಿನ ರೆಗ್ಯುಲೇಟರು ಮತ್ತು ಫ್ಯೂಸು ಎರಡೂ ಒಂದೇ ಆದಂತೆ. ಕೊಳವೆಯಲ್ಲಿ ಸೆಲ್ಲು ಸೊರಗಿದಂತೆ ಶಾಖವೂ ಸೊರಗುತ್ತದೆ: 4.2 ವೋಲ್ಟಿನಲ್ಲಿ 35 ವಾಟು ಕೊಟ್ಟ ಸುರುಳಿ 3.3 ವೋಲ್ಟಿನಲ್ಲಿ 22 ವಾಟೂ ಕೊಡುವುದಿಲ್ಲ. ಪೆಟ್ಟಿಗೆಯಲ್ಲಿ ಹಾಗಲ್ಲ, ಇಟ್ಟ ವೋಲ್ಟೇಜು ಕೊನೆಯ ವರೆಗೂ ನಿಲ್ಲುತ್ತದೆ. ಸುರುಳಿ ಶಾರ್ಟ್ ಆಗಿದ್ದರೆ ಯಂತ್ರ ತಾನೇ ನಿಲ್ಲುತ್ತದೆ. ಸೆಲ್ಲು ಬರಿದಾಗುವ ಮೊದಲು ನಿಲ್ಲುತ್ತದೆ. ಗುಂಡಿಯನ್ನು ಹೆಚ್ಚು ಹೊತ್ತು ಒತ್ತಿ ಹಿಡಿದರೂ ನಿಲ್ಲುತ್ತದೆ. ಸಿಡಿಯುವ ಅಪಾಯವೊಂದನ್ನೇ ತೂಗಿದರೆ ಕೊಳವೆಗಿಂತ ಪೆಟ್ಟಿಗೆ ಮೇಲು ಎಂಬುದರಲ್ಲಿ ಎರಡು ಮಾತಿಲ್ಲ.

ಹುಡುಗನ ಮುಖ ಅರಳಿತು. ಅವನ ಪೆಟ್ಟಿಗೆ ಗೆದ್ದಿತಲ್ಲ! ಆದರೆ ನಮ್ಮ ಮಾತು ಮುಗಿದಿರಲಿಲ್ಲ. ಏರಿಸಿ ಇಳಿಸುವ ಸೌಕರ್ಯವಿದ್ದಲ್ಲಿ ಏರಿಸುವ ಚಪಲವೂ ಇರುತ್ತದೆ. ಶಾಖ ವೋಲ್ಟೇಜಿನ ವರ್ಗದಂತೆ ಏರುತ್ತದೆ ಎಂಬುದು ಹೈಸ್ಕೂಲಿನಲ್ಲಿ ಕಲಿಯುವ ಪಾಠ. ಒಂದು ಓಮಿನ ಸುರುಳಿಗೆ 3.3 ವೋಲ್ಟು ಕೊಟ್ಟರೆ ಸುಮಾರು 11 ವಾಟು, 5 ವೋಲ್ಟು ಕೊಟ್ಟರೆ 25 ವಾಟು. ವೋಲ್ಟೇಜು ಒಂದೂವರೆ ಪಾಲಾದರೆ ಶಾಖ ಎರಡು ಪಾಲಿಗೂ ಮೀರುತ್ತದೆ. 2015ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇಂಥದೇ ವೋಲ್ಟೇಜು ಬದಲಿಸುವ ಯಂತ್ರವನ್ನು ಪರೀಕ್ಷಿಸಿ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದರು. 3.3 ವೋಲ್ಟಿನಲ್ಲಿ ಕಾಣದಿದ್ದ ಫಾರ್ಮಾಲ್ಡಿಹೈಡ್ ಸಂಬಂಧಿತ ಪದಾರ್ಥ 5 ವೋಲ್ಟಿನಲ್ಲಿ ಆವಿಯಲ್ಲಿ ಕಂಡಿತು. ಫಾರ್ಮಾಲ್ಡಿಹೈಡ್ ಎಂದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಪ್ಪೆಯನ್ನು ಕೆಡದಂತೆ ಇಡುವ ದ್ರಾವಣದ ಮೂಲವಸ್ತು, ಕ್ಯಾನ್ಸರ್‌ಕಾರಕ. ಅಷ್ಟು ವೋಲ್ಟೇಜಿನಲ್ಲಿ ಬತ್ತಿ ಒಣಗಿ ಸುಟ್ಟ ರುಚಿ ಬರುತ್ತದೆ, ಯಾರೂ ಹಾಗೆ ಸೇದುವುದಿಲ್ಲ ಎಂದು ಬೇರೆ ವಿಜ್ಞಾನಿಗಳು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿದೆ. ಆದರೆ ಸುಡುವುದಕ್ಕೂ ಸುಡದಿರುವುದಕ್ಕೂ ನಡುವೆ ಗುಂಡಿಯ ನಾಲ್ಕು ಒತ್ತುಗಳ ಅಂತರವಷ್ಟೇ ಇದೆ ಎಂಬುದನ್ನು ಆಕ್ಷೇಪಿಸಿದವರೂ ಅಲ್ಲಗಳೆಯಲಾರರು.

ಹೀಗೆ ಎರಡು ಯಂತ್ರಗಳ ತಾರತಮ್ಯ ಇಷ್ಟು. ಒಂದರಲ್ಲಿ ಸೆಲ್ಲನ್ನು ಕಾಯುವವರಿಲ್ಲ. ಇನ್ನೊಂದು ಸೆಲ್ಲನ್ನು ಕಾಯುತ್ತದೆ, ಸೇದುವವನನ್ನು ಕಾಯುವುದಿಲ್ಲ. ಆ ಸರ್ಕೀಟಿಗೆ ಓಮು ತಿಳಿಯುತ್ತದೆ, ಆಂಪಿಯರು ತಿಳಿಯುತ್ತದೆ, ಹುಡುಗನ ಪುಪ್ಪುಸ ತಿಳಿಯುವುದಿಲ್ಲ. ಅವನಿಗೆ ಹತ್ತೊಂಬತ್ತು ವರ್ಷವೋ ಹದಿಮೂರೋ ತಿಳಿಯುವುದಿಲ್ಲ. ಇಂದು ಎಷ್ಟು ಸಲ ಎಳೆದ, ನಾಳೆ ಬಿಡಬೇಕೆಂದರೆ ಬಿಟ್ಟಾನೇ ಎಂಬುದೂ ತಿಳಿಯುವುದಿಲ್ಲ.

ಏಕೆಂದರೆ ಎರಡರ ಹೊಟ್ಟೆಯಲ್ಲೂ ಇರುವ ದ್ರವ ಒಂದೇ, ಅದರಲ್ಲಿರುವ ನಿಕೋಟಿನೂ ಒಂದೇ. ಬೀಡಿಯನ್ನು ಬಿಡಗೊಡದಂತೆ ಹಿಡಿದಿಡುವುದು ಯಾವುದೋ ಅದೇ ಇದನ್ನೂ ಹಿಡಿದಿಡುತ್ತದೆ. ಬೀಡಿಗೆ ಒಂದು ಕೊನೆಯಿದೆ, ಉರಿದು ಮುಗಿಯುತ್ತದೆ. ಇದಕ್ಕೆ ಕೊನೆಯೂ ಇಲ್ಲ, ಮನೆಯವರಿಗೆ ತಿಳಿಯುವ ನಾತವೂ ಇಲ್ಲ. ಯುರೋಪಿನ ದೇಶಗಳಲ್ಲಿ ಒಂದು ಮಿಲಿಲೀಟರಿನಲ್ಲಿ 20 ಮಿಲಿಗ್ರಾಮಿಗಿಂತ ಹೆಚ್ಚು ನಿಕೋಟಿನ್ ಇರಬಾರದೆಂದು ಕಾನೂನಿದೆ. ಕದ್ದು ಮಾರುವ ಬಾಟಲಿಯಲ್ಲಿ ಎಷ್ಟಿದೆಯೆಂದು ಹೇಳುವವರು ಯಾರು? 2014ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಒಂದು ವರ್ಷದ ಮಗು ಇಂಥ ದ್ರವ ನುಂಗಿ ಸತ್ತಿತು. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರಿಗೆ ಪುಪ್ಪುಸದ ಹೊಸದೊಂದು ಕಾಯಿಲೆ ಹಬ್ಬಿ, 2020ರ ಫೆಬ್ರವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ್ದರು ಇಲ್ಲವೆ ಸತ್ತಿದ್ದರು, ಸತ್ತವರು 68. ಬಹುಪಾಲು ಪ್ರಕರಣಗಳಲ್ಲಿ ಕಾರಣ, ಗಾಂಜಾದ ಸತ್ವ ಬೆರೆಸಿದ ಕಳ್ಳಮಾಲಿನಲ್ಲಿ ಸೇರಿಸಿದ್ದ ವಿಟಮಿನ್ ಇ ಎಣ್ಣೆ ಎಂದು ಕಂಡುಬಂತು. ಯಂತ್ರದ ದೋಷವಲ್ಲ, ನಿಜ. ಯಾರು ತುಂಬಿದರೋ ಗೊತ್ತಿಲ್ಲದ ದ್ರವದ ದೋಷ.

ನಮ್ಮ ದೇಶದಲ್ಲಿ ಈಗ ಸಿಗುವುದೆಲ್ಲ ಯಾರು ತುಂಬಿದರೋ ಗೊತ್ತಿಲ್ಲದ್ದೇ. ಕರ್ನಾಟಕ ಸರಕಾರ 2016ರಲ್ಲೇ ಇದನ್ನು ನಿಷೇಧಿಸಿತು. 2019ರ ಸೆಪ್ಟೆಂಬರದಲ್ಲಿ ಕೇಂದ್ರ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು, ಅದೇ ಡಿಸೆಂಬರದಲ್ಲಿ ಅದು ಕಾಯಿದೆಯಾಯಿತು. ತಯಾರಿಸುವುದು, ಆಮದು ಮಾಡುವುದು, ಸಾಗಿಸುವುದು, ಮಾರುವುದು, ಜಾಹೀರಾತು ಕೊಡುವುದು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದ ವರೆಗೆ ಸೆರೆ ಇಲ್ಲವೆ ಒಂದು ಲಕ್ಷ ರೂಪಾಯಿಯ ವರೆಗೆ ದಂಡ ಇಲ್ಲವೆ ಎರಡೂ. ಮರುಕಳಿಸಿದರೆ ಮೂರು ವರ್ಷದ ವರೆಗೆ ಸೆರೆ, ಐದು ಲಕ್ಷದ ವರೆಗೆ ದಂಡ. ಮಾಲನ್ನು ದಾಸ್ತಾನಿಡುವುದಕ್ಕೂ ಶಿಕ್ಷೆಯಿದೆ. ಸೇದುವುದಕ್ಕೆಂದೇ ಕಾಯಿದೆಯಲ್ಲಿ ಶಿಕ್ಷೆ ಹೇಳಿಲ್ಲ. ಆದರೆ ಗೆಳೆಯರಿಗೆಂದು ನಾಲ್ಕು ತರಿಸಿ ಹಂಚಿದ ಹುಡುಗ ಕಾಯಿದೆಯ ಕಣ್ಣಿಗೆ ಮಾರಾಟಗಾರನಂತೆಯೇ ಕಂಡಾನು ಎಂಬುದನ್ನು ಹಾಸ್ಟೆಲಿನ ಮಕ್ಕಳು ಯೋಚಿಸಿರುವುದಿಲ್ಲ.

ಇನ್ನೊಂದು ಪರಿಣಾಮವೂ ಇದೆ. ಮಾರಬಾರದ ವಸ್ತುವಿಗೆ ಸರಕಾರದ ಮುದ್ರೆಯಿಲ್ಲ, ಪರೀಕ್ಷೆಯಿಲ್ಲ, ಕೆಟ್ಟರೆ ಕೇಳಲು ಅಂಗಡಿಯಿಲ್ಲ. ಪೆಟ್ಟಿಗೆಯೊಳಗೆ ನಿಜವಾಗಿಯೂ ರಕ್ಷಣೆಯ ಸರ್ಕೀಟು ಇದೆಯೋ, ಬರಿಯ ಪರದೆಯೋ, ಬಿಚ್ಚಿ ನೋಡಿದವನಿಗೇ ಗೊತ್ತು. ಸೆಲ್ಲಿನ ಮೇಲೆ 30 ಆಂಪಿಯರು ಎಂದು ಬರೆದಿದ್ದರೆ ಅದು ಅಚ್ಚು ಹಾಕಿದವನ ಧಾರಾಳತನವಷ್ಟೇ ಇರಬಹುದು. ಹಾಗಾದ ಮೇಲೆ 'ಯಾವುದು ಒಳ್ಳೆಯದು' ಎಂಬ ಪ್ರಶ್ನೆಗೆ ನೆಲೆಯೇ ಇಲ್ಲ. ತೂಕದ ಕಲ್ಲೇ ಖೋಟಾ ಆದರೆ ತಕ್ಕಡಿ ಯಾವ ಕಡೆ ವಾಲಿದರೇನು?

ಹುಡುಗ ಸುಮ್ಮನಿರಲಿಲ್ಲ. "ಮಾವ, ಸಿಗರೇಟು ಗೂಡಂಗಡಿಯಲ್ಲೇ ಸಿಗುತ್ತದೆ. ಬೀಡಿ ಸಿಗುತ್ತದೆ. ಅದಕ್ಕಿಂತ ಇದು ಕಡಿಮೆ ಕೆಟ್ಟದ್ದಂತೆ. ಇದನ್ನು ಮಾತ್ರ ಯಾಕೆ ನಿಲ್ಲಿಸಿದರು?" ಎಂದ. ಪ್ರಶ್ನೆ ನ್ಯಾಯವಾದದ್ದೇ. ಇಂಗ್ಲೆಂಡಿನ ಆರೋಗ್ಯ ಸಂಸ್ಥೆ 2015ರಲ್ಲಿ, ಸಿಗರೇಟಿಗೆ ಹೋಲಿಸಿದರೆ ಇದರ ಹಾನಿ ಶೇಕಡಾ 95ರಷ್ಟು ಕಡಿಮೆಯೆಂದು ಅಂದಾಜು ಮಾಡಿತು. ಬಹುಕಾಲ ಸಿಗರೇಟು ಸೇದಿದವರು ಅದನ್ನು ಬಿಡಲು ಅಲ್ಲಿ ಇದರ ಸಹಾಯ ಪಡೆಯುತ್ತಾರೆ. ಅದೇ ದೇಶ ಮಕ್ಕಳ ಕೈಗೆ ಇದು ಹೋಗುವುದನ್ನು ನೋಡಿ, ಒಮ್ಮೆ ಸೇದಿ ಎಸೆಯುವ ವೇಪುಗಳನ್ನು 2025ರ ಜೂನ್ 1ರಿಂದ ನಿಷೇಧಿಸಿತು ಎಂಬುದೂ ಸತ್ಯ. ಸಿಗರೇಟನ್ನು ಮಾರಲು ಬಿಟ್ಟು ಇದನ್ನು ಮಾತ್ರ ತಡೆಯುವುದರಲ್ಲಿ ಸರಕಾರದ ನಿಲುವು ಪೂರ್ತಿ ನೇರವಾಗಿಲ್ಲ ಎಂದು ನಾವೂ ಒಪ್ಪುತ್ತೇವೆ. ಆದರೆ ಹುಡುಗನನ್ನು ಒಂದೇ ಮಾತು ಕೇಳಿದೆವು: "ನೀನು ಇದಕ್ಕೆ ಮೊದಲು ಸಿಗರೇಟು ಸೇದುತ್ತಿದ್ದೆಯಾ?" "ಇಲ್ಲ" ಎಂದ. ಕಡಿಮೆ ಕೆಟ್ಟದ್ದು ಎಂಬ ಮಾತು ಕೆಟ್ಟದ್ದನ್ನು ಬಿಡುವವನಿಗೆ ಸಲ್ಲುತ್ತದೆ. ಏನೂ ಇಲ್ಲದವನು ಕಡಿಮೆ ಕೆಟ್ಟದ್ದನ್ನು ಹಿಡಿದರೆ ಅದು ಲಾಭವಲ್ಲ, ಅಷ್ಟೂ ನಷ್ಟ.

ಮರುದಿನ ಗಡಹಿಂಗ್ಲಜಕ್ಕೆ ಹೋದೆವು. ಹಿರಣ್ಯಕೇಶಿ ನದಿಯ ಆ ಪೇಟೆಯಲ್ಲಿ ಕನ್ನಡ ಮಾತು ಕಿವಿಗೆ ಬೀಳುವುದು ಅಪರೂಪವಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ನಮ್ಮಲ್ಲಿ ಮಲಯಾಳ ಇರುವ ಕಡೆ ಅವರಲ್ಲಿ ಮರಾಠಿ ಎಂದರೆ ಸಾಕು, ಉಳಿದ ಕಥೆ ಒಂದೇ. ಗಡಿ ದಾಟಿದರೆ ಬೀಡಿ ಹೊಗೆಸೊಪ್ಪಿಗೆ ಹೆಸರಾದ ನಿಪ್ಪಾಣಿ. 1981ರಲ್ಲಿ ಅಲ್ಲಿನ ಹೊಗೆಸೊಪ್ಪಿನ ರೈತರು ಬೆಲೆಗಾಗಿ ಶರದ್ ಜೋಶಿಯವರ ಮುಂದಾಳುತನದಲ್ಲಿ ಹೆದ್ದಾರಿಯಲ್ಲೇ ಕುಳಿತರು. ಏಪ್ರಿಲಿನಲ್ಲಿ ಪೋಲೀಸರ ಗುಂಡಿಗೆ ರೈತರು ಬಲಿಯಾದರು. ನಮ್ಮ ಸಂಬಂಧಿಕರ ಮನೆಯ ಹಿರಿಯರು ಆ ದಿನಗಳನ್ನು ನೆನೆದು, "ಆ ಸೊಪ್ಪಿಗೆ ನಮ್ಮವರು ರಕ್ತ ಕೊಟ್ಟಾರ್ರೀ, ಈಗ ಅದನ್ನ ಸೇದಬ್ಯಾಡ ಅಂತ ಹುಡುಗರಿಗೆ ಹೆಂಗ ಹೇಳೂಣು?" ಎಂದರು.

ಈ ಮಾತು ನಮಗೂ ತಟ್ಟುತ್ತದೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಅಕ್ಕ, ಅಮ್ಮ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದ ದುಡ್ಡಿನಿಂದ ಮಕ್ಕಳ ಶಾಲೆಯ ಫೀಸು ಹೋಗಿದೆ. ಪಕ್ಕದ ಕಣ್ಣೂರಿನಲ್ಲಿ ಕೆಲಸ ಕಳಕೊಂಡ ಬೀಡಿ ಕಾರ್ಮಿಕರೇ ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರಿ ಸಂಘವನ್ನು ಕಟ್ಟಿದರು. ಬೀಡಿಗೆ ಬೇಡಿಕೆ ಕುಸಿದಾಗ ಅದೇ ಸಂಘ ಆಹಾರ ಪದಾರ್ಥಗಳ ತಯಾರಿಗೆ ತಿರುಗಿತು. ನಮ್ಮ ಹೊಸದುರ್ಗ ಕಡೆಯಲ್ಲೂ ಹೊಗೆಸೊಪ್ಪು ಬೆಳೆದು ಬದುಕಿದವರಿದ್ದಾರೆ. ಆ ಶ್ರಮವನ್ನು ನಾವು ಹೀಗಳೆಯುವುದಿಲ್ಲ. ಆದರೆ ಬೀಡಿ ಕಟ್ಟಿದ ತಾಯಿ ಮಗ ಬೀಡಿ ಸೇದಲೆಂದು ಕಟ್ಟಿದ್ದಲ್ಲ, ಮಗ ಓದಲೆಂದು ಕಟ್ಟಿದ್ದು. ಆ ಮಗನೋ ಮೊಮ್ಮಗನೋ ಇಂದು ದೂರದ ಊರಿನಲ್ಲಿ ಓದಲು ಕುಳಿತು, ಸಾವಿರಾರು ರೂಪಾಯಿ ಕೊಟ್ಟು, ಹೊರದೇಶದ ಯಂತ್ರದಿಂದ ಅದೇ ನಿಕೋಟಿನನ್ನು ಎಳೆಯುವುದೆಂದರೆ ಅವಳ ಬೆರಳುಗಳಿಗೆ ಮಾಡಿದ ಅವಮಾನ.

ಕಾಯಿದೆಯೊಂದರಿಂದಲೇ ಇದು ನಿಲ್ಲುತ್ತದೆಂಬ ಭ್ರಮೆ ನಮಗಿಲ್ಲ. ಗುಟ್ಕಾವನ್ನು ಕೇರಳ 2012ರಲ್ಲೂ ಕರ್ನಾಟಕ 2013ರಲ್ಲೂ ನಿಷೇಧಿಸಿದವು. ಅದು ಕೈಯಿಂದ ಕೈಗೆ ದಾಟುವುದನ್ನು ಗಡಿಯಲ್ಲಿರುವ ನಾವು ಕಾಣದವರಲ್ಲ. ಹಾಗೆಂದು ಕಾಯಿದೆ ವ್ಯರ್ಥವೂ ಅಲ್ಲ. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ಕೂಡದೆಂದು ತೀರ್ಪಿತ್ತಾಗ ನಕ್ಕವರಿದ್ದರು. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ಹೊಗೆಸೊಪ್ಪನ್ನು ಯಾವುದಾದರೊಂದು ರೂಪದಲ್ಲಿ ಬಳಸುವ ವಯಸ್ಕರು ದೇಶದಲ್ಲಿ ಶೇಕಡಾ 28.6, ಮಹಾರಾಷ್ಟ್ರದಲ್ಲಿ 26.6, ಕರ್ನಾಟಕದಲ್ಲಿ 22.8, ಕೇರಳದಲ್ಲಿ 12.7. ಕೋರ್ಟಿನ ತೀರ್ಪೊಂದೇ ಇದಕ್ಕೆ ಕಾರಣವಲ್ಲ. ಓದು, ಆಸ್ಪತ್ರೆ, ಹೆಂಗಸರ ಮಾತಿಗೆ ಇರುವ ಬೆಲೆ, ಇವೆಲ್ಲ ಸೇರಿರಬೇಕು. ನಾವು ಇರುವ ರಾಜ್ಯದಿಂದ ಕಲಿಯತಕ್ಕದ್ದು ಇದ್ದರೆ ಭಾಷೆಯ ಅಭಿಮಾನದಿಂದ ಅದನ್ನು ತಳ್ಳಿಬಿಡಬಾರದು.

ಆದರೆ ಆ ಕಲಿಕೆ ನಮ್ಮ ಮನೆಯ ಒಳಕೋಣೆಯ ವರೆಗೆ ಬರಬೇಕಾದರೆ ಕನ್ನಡದಲ್ಲೇ ಬರಬೇಕು. ನಮ್ಮ ಆರೋಗ್ಯ ಕೇಂದ್ರಗಳಲ್ಲಿ, ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಈ ವಿಷಯದ ಕರಪತ್ರ ಕನ್ನಡದಲ್ಲಿ ಸಿಗಬೇಕೆಂದು ರಕ್ಷಕ ಶಿಕ್ಷಕ ಸಂಘಗಳು ಕೇಳಬೇಕು. ಇದು ಭಿಕ್ಷೆಯಲ್ಲ, ಭಾಷಾ ಅಲ್ಪಸಂಖ್ಯಾತರ ಹಕ್ಕು. ಬಿಡಬೇಕೆನ್ನುವವರಿಗೆ ಸಹಾಯವೂ ಇದೆ: ಸಿಗರೇಟು, ಬೀಡಿ ಪೊಟ್ಟಣಗಳ ಮೇಲೆ 2018ರಿಂದ ಅಚ್ಚಾಗುತ್ತಿರುವ 1800-11-2356 ಎಂಬ ನಂಬರಿಗೆ ಖರ್ಚಿಲ್ಲದೆ ಫೋನ್ ಮಾಡಬಹುದು. ದಕ್ಷಿಣದ ಕರೆಗಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕೇಂದ್ರ ತೆರೆದಿದ್ದಾರೆ, ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಪರವೂರಿನ ಹಾಸ್ಟೆಲಿನಲ್ಲಿರುವ ಹುಡುಗನಿಗೆ ಅಮ್ಮನ ಭಾಷೆಯಲ್ಲಿ ಬುದ್ಧಿಮಾತು ಕೇಳಿಸುವುದು ಸಣ್ಣ ಸಂಗತಿಯಲ್ಲ.

ಮನೆಯವರು ಮಾಡಬಹುದಾದದ್ದನ್ನೂ ಹೇಳಿಬಿಡುತ್ತೇವೆ. ಮಕ್ಕಳ ಬಟ್ಟೆಯಲ್ಲಿ, ಕೋಣೆಯಲ್ಲಿ ಕಾರಣವಿಲ್ಲದೆ ಹಣ್ಣಿನ ಸಿಹಿ ಪರಿಮಳ ಬಂದರೆ ಗಮನಿಸಿ. ಯಂತ್ರ ಸಿಕ್ಕಿದರೆ ಒಲೆಗೆ ಎಸೆಯಬೇಡಿ, ಕಲ್ಲಿನಿಂದ ಜಜ್ಜಬೇಡಿ. ಲಿಥಿಯಂ ಸೆಲ್ಲು ಸಿಡಿದೀತು. ಬಿಡಿ ಸೆಲ್ಲನ್ನು ಚಿಲ್ಲರೆ ನಾಣ್ಯ, ಬೀಗದ ಕೈ ಇರುವ ಕಿಸೆಯಲ್ಲಿ ಇಡಗೊಡಬೇಡಿ. ಕಿಸೆಯಲ್ಲೇ ಶಾರ್ಟ್ ಆಗುವುದು ಹಾಗೆ. ದ್ರವದ ಬಾಟಲಿಯನ್ನು ಸಣ್ಣ ಮಕ್ಕಳ ಕೈಗೆ ಎಟುಕದಲ್ಲಿ ಇಡಿ, ಮಗು ಬಾಯಿಗೆ ಹಾಕಿದರೆ ಮನೆಮದ್ದು ಮಾಡುತ್ತ ಕೂರದೆ ನೇರ ಆಸ್ಪತ್ರೆಗೆ ಹೋಗಿ. ಎಲ್ಲಕ್ಕೂ ಮಿಗಿಲಾಗಿ, ಹೊಡೆಯುವ ಮೊದಲು ಕೇಳಿ: ಯಾರು ಕೊಟ್ಟರು, ಎಂದಿನಿಂದ, ಬಿಟ್ಟು ಇರಲಾಗುತ್ತದೆಯೇ? ಬೈಗಳಿಗೆ ಹೆದರಿದ ಹುಡುಗ ಯಂತ್ರವನ್ನು ಬಿಡುವುದಿಲ್ಲ, ಅಡಗಿಸುವ ಜಾಗವನ್ನು ಬದಲಿಸುತ್ತಾನೆ.

ಇನ್ನೊಂದು ಮಾತು ನಮ್ಮ ಮೇಲೆಯೇ ಬರುತ್ತದೆ. ಇಪ್ಪತ್ತಮೂರು ವರ್ಷ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಜಗಿದವರು ನಾವು. ಊಟವಾದ ಮೇಲೆ ಬಂದವರ ಮುಂದೆ ಎಲೆಯಡಿಕೆಯ ತಟ್ಟೆ ಇಡುವಾಗ ಬದಿಯಲ್ಲಿ ಒಂದು ಎಸಳು ಹೊಗೆಸೊಪ್ಪು ಇಡುವುದು ಮರ್ಯಾದೆ ಎಂದೇ ನಂಬಿದ್ದೆವು. ಬಿಟ್ಟು ಒಂಬತ್ತು ವರ್ಷವಾಯಿತು. ಮೊದಲ ತಿಂಗಳು ಮನೆಯವರಿಗೆ ನಮ್ಮಿಂದಾದ ಕಿರಿಕಿರಿ ಅವರಿಗೇ ಗೊತ್ತು. ಹುಡುಗ ಕೊನೆಯಲ್ಲಿ ಕೇಳಿದ್ದೂ ಅದನ್ನೇ: "ನೀವು ಹೇಗೆ ಬಿಟ್ಟಿರಿ ಮಾವ?" ವೋಲ್ಟೇಜು, ಓಮಿನ ಲೆಕ್ಕವೆಲ್ಲ ಕೇಳುವಾಗ ಇಲ್ಲದ ಒಂದು ಆಸ್ಥೆ ಆಗ ಅವನ ಕಣ್ಣಿನಲ್ಲಿತ್ತು. ಇನ್ನೂ ಹೊಗೆಸೊಪ್ಪು ಬಾಯಲ್ಲಿಟ್ಟುಕೊಂಡೇ ಮಗನ ವೇಪಿಗೆ ಬೈಯುವ ತಂದೆ ಇದನ್ನು ಯೋಚಿಸಬೇಕು.

ಯಾವುದು ಒಳ್ಳೆಯದು ಎಂಬ ಅವನ ಪ್ರಶ್ನೆಗೆ ನಾವು ಕೊಟ್ಟ ಉತ್ತರ ಇಷ್ಟೇ: ಎರಡರಲ್ಲಿ ಒಂದು ಬೇಗ ಕೆಡಿಸೀತು, ಇನ್ನೊಂದು ನಿಧಾನಕ್ಕೆ ಕೆಡಿಸೀತು. ಆಯ್ಕೆ ಮಾಡಬೇಕಾದದ್ದು ಆ ಎರಡರ ನಡುವೆ ಅಲ್ಲ. ಅವನು ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ನಾವು ಬಸ್ಸು ಹತ್ತುವಾಗ ಅಮ್ಮನ ಹಪ್ಪಳದ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. "ಅಮ್ಮನಿಗೆ ಹೇಳಬೇಡಿ ಮಾವ" ಎಂದ. "ನಾವು ಹೇಳುವುದಿಲ್ಲ, ನೀನೇ ಹೇಳು" ಎಂದೆವು. ಅವನ ಹೆಸರು, ಮನೆ ಇಲ್ಲಿ ಬರೆದಿಲ್ಲ. ಈ ಪತ್ರಿಕೆ ಅವನ ಅಮ್ಮನ ಕೈಗೂ ಹೋಗುತ್ತದೆ. ಇಂಥ ಹುಡುಗರು ಒಬ್ಬರಲ್ಲ, ಇದನ್ನೋದುವ ಪ್ರತಿಯೊಬ್ಬ ತಾಯಿಯೂ ತನ್ನ ಮಗನಿಗೆ ಒಂದು ಫೋನ್ ಮಾಡಿ, ಊಟವಾಯಿತೇ ಎಂದು ಕೇಳಿದ ಮೇಲೆ ಇದನ್ನೂ ಕೇಳಲಿ ಎಂಬುದು ನಮ್ಮ ಬಿನ್ನಹ.